ಟವರ್ ಕೈಕೊಟ್ಟರೂ ಮನೆಯೊಳಗೆ ಆಟ ನಿಲ್ಲಬೇಕಿಲ್ಲ

ಅಮಾಸೆಬೈಲು: ಹೆಸರಿನಲ್ಲೇ ಅಮಾಸೆ ಇದ್ದರೂ ಬೆಳಕಿನ ವಿಷಯದಲ್ಲಿ ಈ ಊರು ಯಾರ ದಾರಿಯನ್ನೂ ಕಾದು ಕೂತದ್ದಲ್ಲ. ಆಚೆ ಹೊಸಂಗಡಿಯಲ್ಲಿ ವಾರಾಹಿ ಯೋಜನೆಯ ನೆಲದಡಿಯ ವಿದ್ಯುದಾಗಾರ 1989ರಿಂದ ಕರೆಂಟು ತಯಾರಿಸುತ್ತಿದೆ. ಈಗ ಅದರ ಸಾಮರ್ಥ್ಯ 460 ಮೆಗಾವಾಟ್. ಆದರೆ ಕಾಡಿನ ನಡುವಿನ ಮನೆಗೆ ಬರುವ ತಂತಿಯ ಮೇಲೆ ಒಂದು ಮರ ಬಿದ್ದರೆ ಆ 460 ಮೆಗಾವಾಟ್ ಇದ್ದೂ ಇಲ್ಲದ ಹಾಗೆ. ಅದಕ್ಕೆಂದೇ 2010ರ ದಶಕದಲ್ಲಿ ಮಾಜಿ ಶಾಸಕ ಎ.ಜಿ. ಕೊಡ್ಗಿಯವರ ಮುಂದಾಳತ್ವದಲ್ಲಿ ಅಮಾಸೆಬೈಲು, ಮಚ್ಚಟ್ಟು, ರಟ್ಟಾಡಿ ಗ್ರಾಮಗಳ ಸಾವಿರಕ್ಕೂ ಮಿಕ್ಕಿದ ಮನೆಗಳಿಗೆ ಸೋಲಾರ್ ದೀಪ ಬಂತು. ಕೊಡ್ಗಿಯವರು 2022ರಲ್ಲಿ ತೀರಿಕೊಂಡರು. ಅವರು ಹೇಳಿಕೊಟ್ಟ ಪಾಠ ಮಾತ್ರ ಇಂದಿಗೂ ಸಲ್ಲುತ್ತದೆ: ದೂರದಿಂದ ಬರುವುದನ್ನು ಪೂರ್ತಿ ನಂಬಿ ಕೂರಬೇಡಿ, ಸ್ವಲ್ಪ ನಿಮ್ಮ ಮಾಡಿನ ಮೇಲೂ ಇರಲಿ.

ಈಗಿನ ದೂರು ದೀಪದ್ದಲ್ಲ, ಚಿತ್ರದ್ದು. “ಹ್ವಾಯ್, ಆಟ ಕಾಂಬ ಅಂದ್ರೆ ಬರೀ ಚಕ್ರ ತಿರ್ಗ್ತಾ ಇತ್ತ್ ಮರಾಯ್ರೆ” ಎನ್ನದವರು ಘಟ್ಟದ ಬುಡದ ಊರುಗಳಲ್ಲಿ ಸಿಗುವುದು ಕಷ್ಟ. ಫೋನಿನಲ್ಲಿ ಸಿಗ್ನಲ್ ಹುಡುಕಿ ಅಂಗಳದ ಮೂಲೆಗೆ ಹೋಗಬೇಕು. 2020-21ರ ಕೊರೊನಾ ಕಾಲದಲ್ಲಿ ಪಾಠಕ್ಕಾಗಿ ಮಕ್ಕಳು ಗುಡ್ಡ ಹತ್ತಿದ್ದನ್ನು ಈ ಕಡೆಯ ಜನ ಮರೆತಿಲ್ಲ. ಟವರ್ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಅದು ಬರುವಾಗ ಬರಲಿ. ಆದರೆ ಮನೆಯೊಳಗೇ ಇರುವ ಚಿತ್ರ, ಮನೆಯೊಳಗೇ ಇರುವ ದನಿಯನ್ನು ನೋಡಲು, ಕೇಳಲು ಟವರ್ ಯಾಕೆ ಬೇಕು ಸ್ವಾಮಿ?

ಕಪಾಟಿನಲ್ಲಿ ಸಾಯುತ್ತಿರುವ ದನಿ

ಕುಂದಾಪುರ ಸೀಮೆಯ ಹಳೆ ಮನೆಯೊಂದರ ಕಪಾಟು ತೆರೆದು ನೋಡಿದರೆ ಏನೆಲ್ಲ ಸಿಗಬಹುದು? ಕೆಳಗೆ ಆಡಿಯೋ ಕ್ಯಾಸೆಟ್ಟಿನ ರಾಶಿ. ಅದರ ಮೇಲೆ ಮದುವೆಯ ವಿಡಿಯೋ ಕ್ಯಾಸೆಟ್ಟು. ಅದರ ಮೇಲೆ ಸಿ.ಡಿ., ಡಿ.ವಿ.ಡಿ. ಎಲ್ಲಕ್ಕಿಂತ ಮೇಲೆ ಒಂದೆರಡು ಪೆನ್‌ಡ್ರೈವ್, ಗಾಜು ಒಡೆದ ಹಳೆ ಫೋನು. ಮೂರು ತಲೆಮಾರಿನ ದನಿ ಅಲ್ಲಿದೆ. ಆದರೆ ಕ್ಯಾಸೆಟ್ಟು ಹಾಕುವ ಟೇಪ್ ರೆಕಾರ್ಡರ್ ಕೆಟ್ಟಿದೆ, ಸಿ.ಡಿ. ಹಾಕುವ ಪ್ಲೇಯರ್ ಗುಜರಿಗೆ ಹೋಗಿದೆ.

ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತರ ಆಸುಪಾಸಿನ ಪ್ರಾಯ. ಸಾಲಿಗ್ರಾಮ ಮೇಳದ ಆ ಭಾಗವತರ ಪದ್ಯ ಇಂದಿನವರ ಕಿವಿಗೂ ಬಿದ್ದಿದ್ದರೆ ಅದಕ್ಕೆ ಕಾರಣ ಆ ಕಾಲದ ಕ್ಯಾಸೆಟ್ಟುಗಳು. ಅಭಿಮಾನಿಗಳು ರಂಗಸ್ಥಳದ ಬದಿಯಲ್ಲಿ ಟೇಪ್ ರೆಕಾರ್ಡರ್ ಹಿಡಿದು ಕೂರುತ್ತಿದ್ದ ಕಾಲ ಅದು. ಉಡುಪಿಯಲ್ಲಿ ಪ್ರೊ. ಕು.ಶಿ. ಹರಿದಾಸ ಭಟ್ಟರು ಎಂ.ಜಿ.ಎಂ. ಕಾಲೇಜಿನ ಆಸರೆಯಲ್ಲಿ ಜಾನಪದ ರಂಗಕಲೆಗಳ ಕೇಂದ್ರ ಕಟ್ಟಿ, ಧ್ವನಿ ಮತ್ತು ಚಿತ್ರ ದಾಖಲೆ ಮಾಡಿಸಿದ್ದೂ ಅದೇ 1980ರ ದಶಕದಲ್ಲಿ. ಆಗ ಇಂಥ ಕೆಲಸಕ್ಕೆ ಒಂದು ಸಂಸ್ಥೆಯೇ ಬೇಕಿತ್ತು. ಈಗ ಒಂದು ಹಳೆ ಕಂಪ್ಯೂಟರ್ ಸಾಕು.

ಆದರೆ ನಿಮ್ಮ ಮನೆಯ ಹರಕೆ ಆಟದ ರೆಕಾರ್ಡಿಂಗನ್ನು, ನಿಮ್ಮ ಅಜ್ಜಿ ಹಾಡಿದ ಶೋಭಾನೆಯನ್ನು ಯಾವ ಸಂಸ್ಥೆಯೂ ಉಳಿಸಿಕೊಡುವುದಿಲ್ಲ. ಅದು ಮನೆಯವರದೇ ಕೆಲಸ.

ಬಾವಿಯ ಲೆಕ್ಕ

ಮನೆಯೊಳಗಿನ ಸರ್ವರ್ ಎಂದರೆ ಗಾಬರಿಯಾಗುವಂಥದ್ದಲ್ಲ. ಸದಾ ತಯಾರಾಗಿ ನಿಂತ ಒಂದು ಕಂಪ್ಯೂಟರ್, ಅದರಲ್ಲಿ ಒಂದು ದೊಡ್ಡ ಡಿಸ್ಕು, ಪಕ್ಕದಲ್ಲಿ ಒಂದು ವೈಫೈ ರೂಟರ್. ಇಷ್ಟೇ. ಚಾವಡಿಯ ಟಿ.ವಿ.ಯಲ್ಲಿ ಅಜ್ಜ ಆಟ ನೋಡುತ್ತಾರೆ, ಅದೇ ಹೊತ್ತಿಗೆ ಒಳಗೆ ಸೊಸೆ ಫೋನಿನಲ್ಲಿ ತನ್ನ ಮದುವೆಯ ವಿಡಿಯೋ ನೋಡುತ್ತಾಳೆ, ಜಗಲಿಯಲ್ಲಿ ಮೊಮ್ಮಗ ಹಾಡು ಕೇಳುತ್ತಾನೆ. ಎಲ್ಲವೂ ಆ ಒಂದೇ ಡಿಸ್ಕಿನಿಂದ.

ಬಹಳ ಮಂದಿ ಇಲ್ಲೇ ತಪ್ಪು ತಿಳಿಯುವುದು. ವೈಫೈ ಬೇರೆ, ಇಂಟರ್ನೆಟ್ ಬೇರೆ. ಪಂಚಾಯತಿನ ನಳ್ಳಿ ನೀರು ನಿಂತರೆ ಮನೆಯ ಬಾವಿ ಬತ್ತುತ್ತದೆಯೇ? ಇಲ್ಲವಲ್ಲ. ಇದೂ ಹಾಗೆಯೇ. ರೂಟರಿಗೆ ಸಿಮ್ ಬೇಡ, ಫೈಬರ್ ಬೇಡ. ಬರೀ ಕರೆಂಟು ಕೊಟ್ಟರೆ ಮನೆಯೊಳಗಿನ ಫೋನು, ಟಿ.ವಿ., ಕಂಪ್ಯೂಟರನ್ನು ಅದು ಒಂದಕ್ಕೊಂದು ಜೋಡಿಸುತ್ತದೆ. ಟವರ್ ಸತ್ತಿದ್ದರೂ ಆಟ ಓಡುತ್ತದೆ.

ಜೋಡಿಸುವುದು ಹೇಗೆ?

ಕೆಲಸ ಮಾಡುವ ಹಳೆ ಕಂಪ್ಯೂಟರೋ ಲ್ಯಾಪ್‌ಟಾಪೋ ಮನೆಯಲ್ಲಿದ್ದರೆ ಮುಖ್ಯ ಖರ್ಚು ಡಿಸ್ಕಿನದು. ಅದಕ್ಕೆ ಹಾಕುವ ಸಾಫ್ಟ್‌ವೇರುಗಳಲ್ಲಿ ಜೆಲ್ಲಿಫಿನ್ ಎಂಬುದು ಪೂರ್ತಿ ಉಚಿತ. 2018ರ ಕೊನೆಗೆ ಎಂಬಿ ಎಂಬ ಸಾಫ್ಟ್‌ವೇರಿನಿಂದ ಕವಲೊಡೆದು ಹುಟ್ಟಿದ್ದು ಅದು. ತಿಂಗಳ ಬಾಡಿಗೆ ಇಲ್ಲ, ಯಾವ ಕಂಪೆನಿಯಲ್ಲೂ ಖಾತೆ ತೆರೆಯಬೇಕಾಗಿಲ್ಲ. ಇಳಿಸಿಕೊಳ್ಳಲು ಒಮ್ಮೆ ಮಾತ್ರ ಇಂಟರ್ನೆಟ್ ಬೇಕು. ಕಂಪ್ಯೂಟರನ್ನು ಪೇಟೆಗೆ ಒಯ್ದು ಹಾಕಿಸಿಕೊಂಡು ಬಂದರೂ ಆಯಿತು.

ಆಮೇಲೆ ಡಿಸ್ಕಿನಲ್ಲಿ ಆಟ, ಮದುವೆ, ಹಾಡು, ಫೋಟೋ ಎಂದು ಬೇರೆ ಬೇರೆ ಫೋಲ್ಡರ್ ಮಾಡಿ, ಅವು ಎಲ್ಲಿವೆ ಎಂದು ಜೆಲ್ಲಿಫಿನ್‌ಗೆ ತೋರಿಸಬೇಕು. ಸಿನಿಮಾದ ಹೆಸರಾದರೆ ಅದೇ ಇಂಟರ್ನೆಟ್ಟಿನಲ್ಲಿ ಹುಡುಕಿ ಚಿತ್ರ, ವಿವರ ತರುತ್ತದೆ. ನಿಮ್ಮ ಮನೆಯ ಆಟ ಯಾವುದೆಂದು ಅದಕ್ಕೆ ತಿಳಿಯುವುದು ಹೇಗೆ? ಹೆಸರು ನೀವೇ ಬರೆಯಬೇಕು. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ಮೇಳ, ಪ್ರಸಂಗ. ಹೀಗೆ ಬರೆದರೆ ಎಲ್ಲವೂ ತಾನಾಗಿ ಸಾಲಾಗಿ ನಿಲ್ಲುತ್ತದೆ. ಭಾಗವತರು ಯಾರು, ವೇಷ ಯಾರದು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡುವುದು ಜಾಣತನ.

ನೋಡುವುದು ಇನ್ನೂ ಸುಲಭ. ಫೋನಿನ ಬ್ರೌಸರಿನಲ್ಲಿ ಆ ಕಂಪ್ಯೂಟರಿನ ಸಂಖ್ಯೆ, ಅದರ ಹಿಂದೆ 8096 ಎಂದು ಹೊಡೆದರಾಯಿತು. ಉದಾಹರಣೆಗೆ 192.168.1.20:8096. ಮೊದಲಿನ ಸಂಖ್ಯೆ ಮನೆಯಿಂದ ಮನೆಗೆ ಬೇರೆ. ಆಂಡ್ರಾಯ್ಡ್ ಟಿ.ವಿ. ಇದ್ದವರಿಗೆ ಇದರದ್ದೇ ಆ್ಯಪ್ ಇದೆ.

ಗೋಡೆಯೂ ಲೆಕ್ಕಕ್ಕೆ ಬರುತ್ತದೆ

ಹಳೆ ಮನೆಗಳ ದಪ್ಪ ಮಣ್ಣಿನ ಗೋಡೆ, ಕೆಂಪುಕಲ್ಲಿನ ಗೋಡೆ ವೈಫೈಯನ್ನು ತಡೆಯುತ್ತವೆ. ರೂಟರಿನಲ್ಲಿ 2.4 ಎಂಬ ಅಲೆ, 5 ಎಂಬ ಅಲೆ ಎರಡಿದ್ದರೆ, 5ರದ್ದು ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಮ್ಮಿ. 2.4 ನಿಧಾನ, ಆದರೆ ದೂರ ಹೋಗುತ್ತದೆ. ಕಂಪ್ಯೂಟರಿನಿಂದ ರೂಟರಿಗೆ ಮಾತ್ರ ತಂತಿಯನ್ನೇ ಎಳೆಯಿರಿ. ಅರ್ಧ ತಾಪತ್ರಯ ಅಲ್ಲಿಗೇ ಮುಗಿಯುತ್ತದೆ.

ಜಾಗದ ಲೆಕ್ಕವನ್ನೂ ನೋಡಿ. ಫೋನಿನಲ್ಲಿ ಒಳ್ಳೆ ಗುಣಮಟ್ಟದಲ್ಲಿ ಹಿಡಿದ ವಿಡಿಯೋ ಗಂಟೆಗೆ ಏಳೆಂಟು ಜಿ.ಬಿ. ನುಂಗಬಹುದು. ಎಂಟು ಗಂಟೆಯ ಇಡೀ ರಾತ್ರಿಯ ಆಟಕ್ಕೆ 60 ಜಿ.ಬಿ. ಒಂದು ಟಿ.ಬಿ.ಯ, ಅಂದರೆ 1000 ಜಿ.ಬಿ.ಯ ಡಿಸ್ಕಿನಲ್ಲಿ 16 ರಾತ್ರಿಯ ಆಟ ಹಿಡಿದೀತು. ಅದನ್ನೇ ಗಂಟೆಗೆ ಒಂದು ಜಿ.ಬಿ. ಬರುವಂತೆ ಕುಗ್ಗಿಸಿದರೆ ನೂರಕ್ಕೂ ಮಿಕ್ಕಿ. ಕುಗ್ಗಿಸುವಾಗ ಎಂ.ಪಿ.4 ಕಡತ, ಎಚ್.264 ಎಂಬ ಕ್ರಮ ಇರಲಿ. ಹೆಚ್ಚುಕಮ್ಮಿ ಎಲ್ಲ ಟಿ.ವಿ., ಫೋನುಗಳೂ ಅದನ್ನು ನೇರವಾಗಿ ಓಡಿಸುತ್ತವೆ. ಟಿ.ವಿ.ಗೆ ಅರ್ಥವಾಗದ ಕ್ರಮದಲ್ಲಿದ್ದರೆ ಕಂಪ್ಯೂಟರ್ ನಿಂತ ನಿಲುವಿನಲ್ಲೇ ಅದನ್ನು ಬದಲಾಯಿಸಿ ಕೊಡಬೇಕಾಗುತ್ತದೆ. ಮೂರು ಜನ ಒಟ್ಟಿಗೆ ಕೇಳಿದರೆ ಹಳೆ ಯಂತ್ರ ಏದುಸಿರು ಬಿಡುತ್ತದೆ.

ಕ್ಯಾಸೆಟ್ಟಿನ ದನಿ ಇಳಿಸಲು ಕೆಲಸ ಮಾಡುವ ಒಂದು ಟೇಪ್ ರೆಕಾರ್ಡರ್, ಒಂದು ತಂತಿ, ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಬೂಸ್ಟು ಹಿಡಿದ ಟೇಪನ್ನು ಮಾತ್ರ ಹಾಗೇ ಹಾಕಬೇಡಿ. ಟೇಪೂ ಹೋದೀತು, ಯಂತ್ರದ ಹೆಡ್ಡೂ ಹೋದೀತು. ತಿಳಿದವರಿಂದ ಶುಚಿ ಮಾಡಿಸಿ.

ಕರೆಂಟು, ಸಿಡಿಲು, ಮಳೆ

ಮೂರು ದೀಪದ ಸಣ್ಣ ಸೋಲಾರಿಗೆ ಹಳೆ ಕಂಪ್ಯೂಟರ್ ತಗುಲಿಸುವ ಸಾಹಸ ಬೇಡವೇ ಬೇಡ. 70 ವಾಟ್ ಎಳೆಯುವ ಕಂಪ್ಯೂಟರ್ ದಿನವಿಡೀ ಉರಿದರೆ ಒಂದೂಮುಕ್ಕಾಲು ಯೂನಿಟ್ ಆಗುತ್ತದೆ. ರಾಸ್ಪ್‌ಬೆರಿ ಪೈಯಂಥ ಅಂಗೈಯಗಲದ ಕಂಪ್ಯೂಟರ್ ಐದಾರು ವಾಟಿನಲ್ಲಿ ಕೆಲಸ ಮುಗಿಸುತ್ತದೆ. ಇದರ ಮೊದಲ ಮಾದರಿ 2012ರಲ್ಲಿ ಪೇಟೆಗೆ ಬಂತು. ಯಾವುದಾದರೂ ಇರಲಿ, ದೀಪ ಹಚ್ಚುವ ಹೊತ್ತಿಗೆ ಚಾಲೂ ಮಾಡಿ ಮಲಗುವಾಗ ಆರಿಸಿದರೆ ನಷ್ಟವೇನೂ ಇಲ್ಲ.

ಕರೆಂಟು ತಟಕ್ಕನೆ ಹೋಗುವುದು ಡಿಸ್ಕಿಗೆ ಒಳ್ಳೆಯದಲ್ಲ. ಸಣ್ಣದೊಂದು ಯು.ಪಿ.ಎಸ್. ಇದ್ದರೆ ಕ್ರಮವಾಗಿ ಆರಿಸಲು ಪುರುಸೊತ್ತು ಸಿಗುತ್ತದೆ. ಸಿಡಿಲು ಬಡಿಯುವ ದಿನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಮಳೆಗಾಲದ ನಾಲ್ಕು ತಿಂಗಳು ಪೆಟ್ಟಿಗೆಯನ್ನು ತೇವದ ಗೋಡೆಗೆ ತಾಗಿಸಿ ಇಡಬೇಡಿ.

ಒಂದೇ ಪ್ರತಿ ಎಂದರೆ ಪ್ರತಿಯೇ ಇಲ್ಲ

ಇಷ್ಟೆಲ್ಲ ಮಾಡಿ ಕ್ಯಾಸೆಟ್ಟು ಬಿಸಾಡಿ ನಿಶ್ಚಿಂತೆಯಾಗಿ ಕೂತವರಿಗೆ ಒಂದು ಮಾತು: ಡಿಸ್ಕೂ ಸಾಯುತ್ತದೆ. ಮೊದಲೇ ಹೇಳಿ ಸಾಯುವುದಿಲ್ಲ. ಸರ್ವರ್ ಇರುವುದು ನೋಡಲಿಕ್ಕೆ. ಕಾಪಾಡಲಿಕ್ಕೆ ಎರಡನೇ ಪ್ರತಿ ಬೇಕು. ಪೆನ್‌ಡ್ರೈವನ್ನು ನಂಬಿ ಕೂರಬೇಡಿ. ವರ್ಷಗಟ್ಟಲೆ ಇಡುವ ವಸ್ತು ಅದಲ್ಲ. ಇನ್ನೊಂದು ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿ, ಬೇರೆ ಊರಿನಲ್ಲಿ ಇಡಬೇಕು. ಹಬ್ಬಕ್ಕೆ ಬಂದ ಮಗ ಬೆಂಗಳೂರಿನ ಬಸ್ಸು ಹತ್ತುವಾಗ ಹಪ್ಪಳ, ಸಂಡಿಗೆಯ ಕಟ್ಟಿನೊಟ್ಟಿಗೆ ಆ ಡಿಸ್ಕೂ ಅವನ ಚೀಲ ಸೇರಲಿ. ದೂರದಲ್ಲಿ ಇರುವವರಿಗೆ ನೋಡಲೂ ಆಯಿತು, ಮನೆಯದ್ದು ಕೆಟ್ಟರೆ ಮರಳಿ ತರಲೂ ಆಯಿತು. ಮನೆಯ ಸರ್ವರಿನ ಬಾಗಿಲನ್ನು ಇಂಟರ್ನೆಟ್ಟಿಗೆ ತೆರೆದಿಡುವ ಉಸಾಬರಿಯೂ ತಪ್ಪಿತು.

ಪೇಟೆಯ ಮೊಬೈಲ್ ಅಂಗಡಿಯವರಿಗೆ ಇದರಲ್ಲಿ ಒಂದು ಮರ್ಯಾದೆಯ ದುಡಿಮೆ ಇದೆ. ರೀಚಾರ್ಜಿನ ಕಮಿಷನ್ನಿಗಿಂತ, ಕ್ಯಾಸೆಟ್ಟು ಇಳಿಸಿ ಡಿಸ್ಕು ಜೋಡಿಸಿ ಕೊಡುವ ಕೆಲಸಕ್ಕೆ ಜನ ಸಂತೋಷದಿಂದ ದುಡ್ಡು ಕೊಟ್ಟಾರು. ಆದರೆ “ಹೊಸ ಸಿನಿಮಾ ತುಂಬಿಸಿ ಕೊಡ್ತೇವೆ” ಎಂಬ ಆಸೆ ತೋರಿಸಬಾರದು. ಕಳ್ಳ ಪ್ರತಿ ಕಳ್ಳ ಪ್ರತಿಯೇ. ಸಿನಿಮಾ ಕದ್ದು ಚಿತ್ರಿಸುವುದಕ್ಕೂ ಹರಡುವುದಕ್ಕೂ 2023ರ ತಿದ್ದುಪಡಿಯ ನಂತರ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ ಮೂರು ಲಕ್ಷ ರೂಪಾಯಿ ದಂಡ. ಮೇಳದವರ ಆಟವನ್ನು ಮನೆಯಲ್ಲಿ ನೋಡಲು ಇಟ್ಟುಕೊಳ್ಳುವುದು ಬೇರೆ, ನಕಲು ಮಾಡಿ ಮಾರುವುದು ಬೇರೆ. ಕಲಾವಿದರ ಹೊಟ್ಟೆಯ ಮೇಲೆ ಹೊಡೆದು ಕಲೆ ಉಳಿಸಿದೆವು ಎನ್ನಲಾಗದು.

ಟವರಿಗೆ ಅರ್ಜಿ ಕೊಡುವುದನ್ನು ಯಾರೂ ನಿಲ್ಲಿಸಬೇಕಿಲ್ಲ. ಆದರೆ ಟವರ್ ಬರಲು ತಡವಾದರೆ ಕೆಡುವುದು ಇವತ್ತಿನ ಸಂಜೆ ಮಾತ್ರ. ಕಪಾಟಿನ ಕ್ಯಾಸೆಟ್ಟಿಗೆ ಇನ್ನೊಂದು ಮಳೆಗಾಲ ತಾಗಿದರೆ, ಹೋದ ದನಿ ಯಾವ ಟವರಿನಿಂದಲೂ ಮರಳಿ ಬರುವುದಿಲ್ಲ.