ದೂರವಾಣಿಯ ಅಂಕಿಗಳನ್ನು ಜೋಡಿಸಿದವರು

ಮೊಬೈಲ್ ಫೋನಿನ ಮೇಲೆ ಸಂಖ್ಯೆಯನ್ನು ಒತ್ತುವಾಗ ಒಂದು, ಎರಡು, ಮೂರು ಏಕೆ ಮೇಲಿನ ಸಾಲಿನಲ್ಲಿವೆಯೆಂದು ಯಾರೂ ಯೋಚಿಸುವುದಿಲ್ಲ. ಹಾಗೆ ಯೋಚಿಸುವ ಪ್ರಮೇಯವೇ ಬಾರದಿರಲೆಂದು ಅಮೆರಿಕದಲ್ಲಿ ಕೆಲವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರು.

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಇಂದು ಪ್ರಾಡಕ್ಟ್ ಮ್ಯಾನೇಜರ್ ಎಂಬುವರೂ ಯು.ಎಕ್ಸ್. ಡಿಸೈನರ್ ಎಂಬುವರೂ ಒಂದೇ ಮೇಜಿನ ಮುಂದೆ ಕುಳಿತು ವಾದಿಸುತ್ತಾರೆ. ಏನನ್ನು, ಎಷ್ಟು ಖರ್ಚಿನಲ್ಲಿ, ಯಾವ ದಿನದೊಳಗೆ ಮಾಡಿ ಮುಗಿಸಬೇಕೆಂಬ ಚಿಂತೆ ಮೊದಲನೆಯವರದು. ಅದು ಬಳಸುವವರ ಕೈಗೂ ಮನಸ್ಸಿಗೂ ಒಗ್ಗುವುದೇ ಎಂಬ ಚಿಂತೆ ಎರಡನೆಯವರದು. ಹುದ್ದೆಗಳ ಹೆಸರು ಹೊಸದಾದರೂ ವ್ಯಾಜ್ಯ ಹಳೆಯದು. ಬೆಲ್ ಪ್ರಯೋಗಾಲಯದಲ್ಲಿ ಅದನ್ನು ತೀರ್ಮಾನಿಸುತ್ತಿದ್ದ ಬಗೆ ಸ್ವಾರಸ್ಯಕರವಾಗಿದೆ.

ಜಾನ್ ಕಾರ್ಲಿನ್ 1945ರಲ್ಲಿ ಆ ಪ್ರಯೋಗಾಲಯವನ್ನು ಸೇರಿದ ಮನಶ್ಶಾಸ್ತ್ರಜ್ಞ. 1918ರಲ್ಲಿ ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನಲ್ಲಿ ಜನಿಸಿದ ಈತ ಪಿಟೀಲು ವಾದಕನೂ ಹೌದು. ಯಂತ್ರವನ್ನು ಅರಿತವರು ಸುತ್ತಲೂ ಬೇಕಾದಷ್ಟಿದ್ದರು. ಅದನ್ನು ಬಳಸುವ ಮನುಷ್ಯನನ್ನು ಅರಿಯುವವರೂ ಬೇಕೆಂಬ ಆತನ ಒತ್ತಾಯದ ಫಲವಾಗಿ, ಬಳಕೆದಾರರ ಒಲವನ್ನು ಅಭ್ಯಸಿಸುವ ವಿಭಾಗವೊಂದು 1947ರಲ್ಲಿ ಆರಂಭವಾಯಿತು.

ಮಹಾಯುದ್ಧ ಮುಗಿದಿದ್ದರೂ ತಾಮ್ರದ ಅಭಾವ ನೀಗಿರಲಿಲ್ಲ. ಸುಮಾರು ಮೂರು ಅಡಿ ಉದ್ದವಿದ್ದ ದೂರವಾಣಿಯ ತಂತಿಯನ್ನು ಮೊಟಕುಗೊಳಿಸಬಹುದೇ ಎಂಬುದು ಕಂಪೆನಿಯ ಅಧಿಕಾರಿಗಳ ಪ್ರಶ್ನೆ. ಜನರನ್ನು ಕೇಳಿದ್ದರೆ ಬೇಡವೆಂದೇ ಹೇಳುತ್ತಿದ್ದರೇನೋ! ಕಾರ್ಲಿನ್‌ನ ಸಿಬ್ಬಂದಿ ಮೂರು ದಿನಗಳಿಗೊಮ್ಮೆ ಸಹೋದ್ಯೋಗಿಗಳ ಕೋಣೆಗೆ ಗುಟ್ಟಾಗಿ ಹೋಗಿ ತಂತಿಯನ್ನು ಒಂದೊಂದೇ ಅಂಗುಲ ಕಿರಿದು ಮಾಡುತ್ತ ಬಂದರು. ಒಂದು ಅಡಿ ಕಡಿಮೆಯಾಗುವವರೆಗೆ ಯಾರಿಗೂ ಸುಳಿವು ಸಿಗಲಿಲ್ಲ. ಒಪ್ಪಿಗೆ ಪಡೆಯದೆ ನಡೆಸಿದ ಈ ಕಳ್ಳಾಟವನ್ನು ಮೆಚ್ಚುವುದು ಕಷ್ಟ, ತಾಮ್ರವೇನೋ ಉಳಿಯಿತು.

ಉಳಿತಾಯದ ಪಕ್ಷ ಅಲ್ಲಿ ಗೆದ್ದರೆ ಬೇರೊಂದು ಕಡೆ ಬಳಸುವವನ ಪಕ್ಷ ಗೆದ್ದಿತು. ತಿರುಗಿಸುವ ಡಯಲಿನ ಹೊಸ ಮಾದರಿಯಲ್ಲಿ ಅಂಕಿಗಳನ್ನು ರಂಧ್ರಗಳಿಂದ ಹೊರಗಿನ ಅಂಚಿಗೆ ಸರಿಸಿದ್ದರು. ಕಣ್ಣಿಗೆ ಅವು ಚೆನ್ನಾಗಿ ಕಂಡವು. ಆದರೆ ಜನ ಸಂಖ್ಯೆ ತಿರುಗಿಸುವ ವೇಗ ಕುಗ್ಗಿತು. ಬೆರಳಿಗೆ ಗುರಿಯಿಲ್ಲದಂತಾಗಿದೆಯೆಂದು ಗ್ರಹಿಸಿದ ಕಾರ್ಲಿನ್, ಪ್ರತಿಯೊಂದು ರಂಧ್ರದ ನಡುವೆ ಒಂದು ಬಿಳಿಯ ಚುಕ್ಕೆಯಿಡುವಂತೆ ಸೂಚಿಸಿದನು. ವೇಗ ಮರಳಿತು. ಚುಕ್ಕೆಗೆ ತಗಲುವ ವೆಚ್ಚವೆಷ್ಟು ಮಹಾ!

ಒತ್ತುವ ಗುಂಡಿಗಳ ದೂರವಾಣಿಯ ಸಿದ್ಧತೆ ನಡೆದಾಗ ಪ್ರಶ್ನೆ ಇನ್ನೂ ಜಟಿಲವಾಯಿತು. ವರ್ತುಲಾಕಾರ, ಐದೈದರ ಎರಡು ಸಾಲು, ಮೂರು ಮೂರರ ಸಾಲು ಮುಂತಾಗಿ ಒಂದು ಡಜನ್‌ಗೂ ಮಿಕ್ಕ ಜೋಡಣೆಗಳನ್ನು ಜನರ ಕೈಗೆ ಕೊಟ್ಟು, ಎಷ್ಟು ಹೊತ್ತಾಯಿತು, ಎಷ್ಟು ತಪ್ಪಾಯಿತು, ಯಾವುದು ಹಿಡಿಸಿತು ಎಂದು ಅಳೆದರು. ಆರ್. ಎಲ್. ಡೈನಿಂಜರ್ 1960ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಉತ್ತಮ ಜೋಡಣೆಗಳ ನಡುವಿನ ಅಂತರ ಅತ್ಯಲ್ಪ. ಬಳಸುವವರಿಗೆ ಭೇದವಿಲ್ಲದೆಡೆ ತಯಾರಕರ ಅನುಕೂಲಕ್ಕೆ ಮನ್ನಣೆ ಕೊಡಬಹುದಲ್ಲವೇ? ಕಡಿಮೆ ಜಾಗದಲ್ಲಿ ಅಡಕವಾಗುವ ಮೂರು ಸಾಲುಗಳೂ ಅವುಗಳ ಕೆಳಗೆ ಸೊನ್ನೆಯೂ ಉಳ್ಳ ಜೋಡಣೆಯೇ ಆಯ್ಕೆಯಾಯಿತು. ಅಳತೆ ಮಾಡದಿದ್ದಲ್ಲಿ ಎರಡು ಪಕ್ಷದವರೂ ಹಟ ಹಿಡಿದು ಕುಳಿತಿರುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. 1963ರ ನವೆಂಬರ್ 18ರಂದು ಪೆನ್ಸಿಲ್ವೇನಿಯದ ಕಾರ್ನೆಗಿ ಮತ್ತು ಗ್ರೀನ್ಸ್‌ಬರ್ಗ್ ಪಟ್ಟಣಗಳಲ್ಲಿ ಈ ದೂರವಾಣಿ ಬಳಕೆಗೆ ಬಂದಿತು.

ಲೆಕ್ಕದ ಯಂತ್ರಗಳಲ್ಲಿ ಮಾತ್ರ ಏಳು, ಎಂಟು, ಒಂಬತ್ತು ಮೇಲಿನ ಸಾಲಿನಲ್ಲಿದ್ದವು. ಅವು ಅಲ್ಲಿಂದ ಕದಲಲಿಲ್ಲ. 2013ರಲ್ಲಿ ಕಾರ್ಲಿನ್ ತೀರಿಕೊಳ್ಳುವ ವೇಳೆಗೆ ಎರಡು ಯಂತ್ರಗಳೂ ಒಂದೇ ಮೊಬೈಲಿನೊಳಗೆ ಸೇರಿಹೋಗಿದ್ದವು. ಇಂದಿಗೂ ಅದರಲ್ಲಿ ಕರೆ ಮಾಡುವಾಗ ಮೇಲಿನ ಸಾಲು ಒಂದರಿಂದ ಆರಂಭವಾಗುತ್ತದೆ, ಲೆಕ್ಕ ಹಾಕುವಾಗ ಏಳರಿಂದ.