ಸ್ನೇಹಿತರ ಕಂಪನಿಗೆ ನಿರ್ದೇಶಕರಾಗುವ ಮುನ್ನ

ಏಕಮಾಲೀಕತ್ವದಲ್ಲಿ ಅಥವಾ ಪಾಲುದಾರಿಕೆಯಲ್ಲಿ ನಡೆಯುತ್ತಿದ್ದ ವ್ಯವಹಾರವು ಬೆಳೆದಾಗ ಅದನ್ನು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ಪರಿವರ್ತಿಸುವುದು ಸಾಮಾನ್ಯ ಸಂಗತಿ. ಇಂತಹ ಕಂಪನಿಗೆ ಕನಿಷ್ಠ ಇಬ್ಬರು ನಿರ್ದೇಶಕರು ಇರಲೇಬೇಕು. ಎರಡನೆಯ ಹೆಸರಿಗಾಗಿ ಉದ್ಯಮಿಯು ಬಹುಮಟ್ಟಿಗೆ ತನ್ನ ಆಪ್ತ ಸ್ನೇಹಿತರನ್ನು ಕೇಳಿಕೊಳ್ಳುತ್ತಾನೆ. 'ನಿಮ್ಮ ಹೆಸರು ಇದ್ದರೆ ಸಾಕು, ಉಳಿದುದನ್ನು ನಾನು ನೋಡಿಕೊಳ್ಳುತ್ತೇನೆ' ಎಂಬ ಮಾತಿಗೆ ದಾಕ್ಷಿಣ್ಯದಿಂದ ಸಹಿ ಹಾಕಿದವರು ನಮ್ಮ ವರ್ತಕ ಸಮುದಾಯದಲ್ಲಿ ಅನೇಕರಿದ್ದಾರೆ. ತಾವು ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂಬುದು ಅವರ ಭಾವನೆ. ಕಾನೂನಿನ ದೃಷ್ಟಿಯು ಇದಕ್ಕೆ ತೀರ ವಿರುದ್ಧವಾದುದು. ಆಟದಲ್ಲಿ ಇಲ್ಲದಿದ್ದರೂ ಅವರು ಲೆಕ್ಕದಲ್ಲಿ ಇದ್ದೇ ಇರುತ್ತಾರೆ.

ಹೆಸರಿಗೆ ಮಾತ್ರ ಎಂಬ ಹುದ್ದೆ ಇಲ್ಲ

ಕಂಪನಿ ಎಂದರೆ ಸೀಮಿತ ಹೊಣೆಗಾರಿಕೆ ಎಂಬುದು ನಿಜ. ಆದರೆ ಆ ಮಿತಿಯು ಷೇರುದಾರರಿಗೆ ಸಂಬಂಧಿಸಿದ್ದು. ನಿರ್ದೇಶಕರ ಹೊಣೆಯೇ ಬೇರೆ. 2013ರ ಕಂಪನಿಗಳ ಕಾಯ್ದೆಯ 166ನೇ ಕಲಮಿನಂತೆ ನಿರ್ದೇಶಕರು ಸದ್ಭಾವನೆಯಿಂದಲೂ ಸೂಕ್ತ ಎಚ್ಚರ ಮತ್ತು ಶ್ರದ್ಧೆಯಿಂದಲೂ ನಡೆದುಕೊಳ್ಳಬೇಕು. ಸ್ವತಂತ್ರ ವಿವೇಚನೆಯನ್ನು ಬಳಸಬೇಕು. ತಮ್ಮ ಹುದ್ದೆಯನ್ನು ಮತ್ತೊಬ್ಬರಿಗೆ ವಹಿಸಿಕೊಡುವಂತಿಲ್ಲ. ಸಂಬಳ ಪಡೆಯುತ್ತಿಲ್ಲ ಎಂಬ ಕಾರಣಕ್ಕೆ ಈ ಕರ್ತವ್ಯಗಳಿಂದ ವಿನಾಯಿತಿ ದೊರೆಯುವುದಿಲ್ಲ.

ಇನ್ನೂ ಮುಖ್ಯವಾದುದು 'ತಪ್ಪಿತಸ್ಥ ಅಧಿಕಾರಿ' ಯಾರೆಂಬ ವ್ಯಾಖ್ಯೆ. ಮಂಡಳಿಯ ನಡವಳಿಗಳನ್ನು ಪಡೆದುದರಿಂದ ಅಥವಾ ಸಭೆಯಲ್ಲಿ ಭಾಗವಹಿಸಿದುದರಿಂದ ಉಲ್ಲಂಘನೆಯ ಅರಿವಿದ್ದೂ ಆಕ್ಷೇಪಿಸದೆ ಉಳಿದ ನಿರ್ದೇಶಕರೂ ಈ ವ್ಯಾಖ್ಯೆಯೊಳಗೆ ಬರುತ್ತಾರೆ. ಸ್ನೇಹದಲ್ಲಿ ಮೌನವು ಸೌಜನ್ಯವಾಗಿರಬಹುದು. ಮಂಡಳಿಯ ಸಭೆಯಲ್ಲಿ ಅದು ಸಮ್ಮತಿಯಾಗಿ ಪರಿಣಮಿಸುತ್ತದೆ.

ಸ್ವಂತ ಉದ್ಯಮಕ್ಕೂ ಪೆಟ್ಟು

ಕಂಪನಿಯೊಂದು ಸತತ 3 ಆರ್ಥಿಕ ವರ್ಷಗಳ ಲೆಕ್ಕಪತ್ರಗಳನ್ನು ಅಥವಾ ವಾರ್ಷಿಕ ವಿವರಣ ಪತ್ರಗಳನ್ನು ಸಲ್ಲಿಸದಿದ್ದರೆ 164ನೇ ಕಲಮಿನ ಮೇರೆಗೆ ಅದರ ನಿರ್ದೇಶಕರು 5 ವರ್ಷ ಅನರ್ಹರಾಗುತ್ತಾರೆ. 2018ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ, ಹೀಗೆ ಅನರ್ಹರಾದವರ ಸ್ಥಾನವು ತಪ್ಪೆಸಗಿದ ಕಂಪನಿಯನ್ನು ಬಿಟ್ಟು ಉಳಿದೆಲ್ಲ ಕಂಪನಿಗಳಲ್ಲಿ ತೆರವಾಗುತ್ತದೆ. ಅಂದರೆ, ಸ್ನೇಹಿತರ ಕಂಪನಿಯ ಕಡತ ಬಾಕಿ ಉಳಿದುದಕ್ಕಾಗಿ ತಾವೇ ಕಟ್ಟಿ ಬೆಳೆಸಿದ ಕಂಪನಿಯಲ್ಲಿ ತಮ್ಮ ಸ್ಥಾನ ಹೋಗಬಹುದು. ಇದು ಬರಿಯ ಕಾಗದದ ಮೇಲಿನ ಎಚ್ಚರಿಕೆಯಲ್ಲ. 2017ರಲ್ಲಿ ದೇಶದಾದ್ಯಂತ 2 ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ರಿಜಿಸ್ಟರಿನಿಂದ ತೆಗೆದುಹಾಕಲಾಯಿತು; 3 ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನು ಅನರ್ಹಗೊಳಿಸಲಾಯಿತು.

ತೆರಿಗೆ, ಚೆಕ್ಕು ಮತ್ತು ಜಾಮೀನು

ಪ್ರೈವೇಟ್ ಕಂಪನಿಯಿಂದ ವಸೂಲಾಗದ ಆದಾಯ ತೆರಿಗೆ ಹಾಗೂ ಜಿಎಸ್‌ಟಿ ಬಾಕಿಯನ್ನು ಆ ಅವಧಿಯಲ್ಲಿ ನಿರ್ದೇಶಕರಾಗಿದ್ದವರಿಂದ ವಸೂಲು ಮಾಡಲು ಕಾನೂನಿನಲ್ಲಿ ಅವಕಾಶವಿದೆ. ವಸೂಲಾಗದಿರುವುದಕ್ಕೆ ತಮ್ಮ ಗಂಭೀರ ನಿರ್ಲಕ್ಷ್ಯವಾಗಲಿ ಕರ್ತವ್ಯಲೋಪವಾಗಲಿ ಕಾರಣವಲ್ಲವೆಂದು ಸಾಬೀತುಪಡಿಸುವ ಭಾರವು ನಿರ್ದೇಶಕರ ಮೇಲೆಯೇ ಇರುತ್ತದೆ.

ಚೆಕ್ಕು ಅಮಾನ್ಯವಾದ ಪ್ರಕರಣಗಳಲ್ಲಿ 2 ವರ್ಷಗಳವರೆಗೆ ಸೆರೆವಾಸ ಅಥವಾ ಚೆಕ್ಕಿನ ಮೊಬಲಗಿನ ಎರಡರಷ್ಟರವರೆಗೆ ದಂಡ, ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ಕೇವಲ ನಿರ್ದೇಶಕ ಎಂಬ ಕಾರಣದಿಂದಲೇ ಒಬ್ಬರನ್ನು ಹೊಣೆ ಮಾಡಲಾಗದು, ವ್ಯವಹಾರದ ಉಸ್ತುವಾರಿ ಅವರದಾಗಿರಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಚೆಕ್ಕಿಗೆ ಸಹಿ ಹಾಕಿದವರಿಗೆ ಈ ಆಸರೆ ದೊರೆಯದು. ಸ್ನೇಹಿತರ ಅನುಕೂಲಕ್ಕಾಗಿ ಖಾಲಿ ಚೆಕ್ಕುಗಳಿಗೆ ಮುಂಚಿತವಾಗಿ ಸಹಿ ಮಾಡಿಕೊಡುವ ಪದ್ಧತಿಯನ್ನು ಕೂಡಲೇ ಕೈಬಿಡುವುದು ಲೇಸು.

ಎಲ್ಲಕ್ಕಿಂತ ಭಾರವಾದುದು ಬ್ಯಾಂಕಿಗೆ ನೀಡುವ ವೈಯಕ್ತಿಕ ಜಾಮೀನು. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ನಿರ್ದೇಶಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟ ಮಾತ್ರಕ್ಕೆ ಜಾಮೀನು ರದ್ದಾಗದು. ಕಂಪನಿಗೆ ದಿವಾಳಿ ಸಂಹಿತೆಯ ಅಡಿಯಲ್ಲಿ ಪರಿಹಾರ ಯೋಜನೆ ಮಂಜೂರಾದರೂ ಜಾಮೀನುದಾರರು ತಾವಾಗಿಯೇ ಮುಕ್ತರಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ತೀರ್ಪು ನೀಡಿದೆ.

ಅನುಸರಿಸಬೇಕಾದ ಕ್ರಮಗಳು

ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಕಂಪನಿಯ ಕಳೆದ 3 ವರ್ಷಗಳ ಲೆಕ್ಕಪತ್ರ, ಬ್ಯಾಂಕು ಸಾಲ, ಆಸ್ತಿಗಳ ಮೇಲಿನ ಋಣಭಾರ ಹಾಗೂ ತೆರಿಗೆ ಮತ್ತು ಭವಿಷ್ಯನಿಧಿ ಪಾವತಿಯ ವಿವರಗಳನ್ನು ಕೇಳಿ ಪಡೆಯಬೇಕು. ಕೇಳಲು ಸಂಕೋಚವಾಗುವಂತಿದ್ದರೆ ಆ ಹುದ್ದೆಯನ್ನು ಒಪ್ಪಿಕೊಳ್ಳದಿರುವುದೇ ಕ್ಷೇಮ.

ಒಪ್ಪಿಕೊಂಡ ನಂತರ ಪ್ರತಿ ಸಭೆಯ ಸೂಚನಾಪತ್ರವನ್ನು ಓದಬೇಕು, ಸಭೆಗೆ ಹಾಜರಾಗಬೇಕು. 12 ತಿಂಗಳ ಅವಧಿಯಲ್ಲಿ ನಡೆದ ಯಾವ ಸಭೆಗೂ ಹೋಗದಿದ್ದರೆ, ರಜೆ ಪಡೆದಿದ್ದರೂ ಸ್ಥಾನವು ತೆರವಾಗುತ್ತದೆ. ಒಪ್ಪಿಗೆಯಾಗದ ವಿಷಯವಿದ್ದಲ್ಲಿ ಆಕ್ಷೇಪಣೆಯನ್ನು ನಡವಳಿ ಪುಸ್ತಕದಲ್ಲಿ ದಾಖಲಿಸುವಂತೆ ಒತ್ತಾಯಿಸಬೇಕು ಮತ್ತು ಅದರ ಪ್ರತಿಯನ್ನು ತಮ್ಮಲ್ಲಿ ಇರಿಸಿಕೊಳ್ಳಬೇಕು. ಮುಂದೆ ಪ್ರಶ್ನೆ ಬಂದಾಗ ನೆರವಾಗುವುದು ಈ ದಾಖಲೆಯೇ ಹೊರತು ಬಾಯಿಮಾತಿನ ಭರವಸೆಯಲ್ಲ.

ಹೊರಬರುವುದು ಅನಿವಾರ್ಯವಾದರೆ ಲಿಖಿತವಾಗಿ ರಾಜೀನಾಮೆ ನೀಡಿ, ಅದು ತಲುಪಿದ ಬಗ್ಗೆ ಸ್ವೀಕೃತಿ ಪಡೆಯಬೇಕು. ಕಂಪನಿಯು ಅದನ್ನು 30 ದಿನಗಳೊಳಗೆ ಕಂಪನಿಗಳ ರಿಜಿಸ್ಟ್ರಾರರಿಗೆ ತಿಳಿಸಬೇಕು. ತಿಳಿಸದಿರಬಹುದೆಂಬ ಶಂಕೆಯಿದ್ದರೆ ನಿರ್ದೇಶಕರು ತಾವೇ ಡಿಐಆರ್-11 ನಮೂನೆಯಲ್ಲಿ ಸಲ್ಲಿಸಬಹುದು. ಅಧಿಕಾರಾವಧಿಯಲ್ಲಿ ನಡೆದ ಅಪರಾಧಗಳ ಹೊಣೆ ರಾಜೀನಾಮೆಯ ನಂತರವೂ ಉಳಿಯುವುದರಿಂದ ಹಳೆಯ ಕಾಗದಪತ್ರಗಳನ್ನು ಜೋಪಾನ ಮಾಡುವುದು ಅಗತ್ಯ.

ಕಾರ್ಯನಿರ್ವಾಹಕರಲ್ಲದ ನಿರ್ದೇಶಕರಿಗೆ 149ನೇ ಕಲಮು ಒಂದಿಷ್ಟು ರಕ್ಷಣೆ ನೀಡಿದೆ. ಮಂಡಳಿಯ ಕಲಾಪಗಳ ಮೂಲಕ ತಮ್ಮ ಅರಿವಿಗೆ ಬಾರದ, ತಮ್ಮ ಸಮ್ಮತಿಯಿಲ್ಲದ ಕೃತ್ಯಗಳಿಗೆ ಅವರು ಹೊಣೆಯಾಗರು. ಆದರೆ ಶ್ರದ್ಧೆಯಿಂದ ನಡೆದುಕೊಂಡವರಿಗಷ್ಟೇ ಆ ರಕ್ಷಣೆ. ಲೆಕ್ಕ ತೋರಿಸಿರೆಂದು ಕೇಳಿದ ಮಾತ್ರಕ್ಕೆ ಮುರಿಯುವ ಸ್ನೇಹವು ಸಾಲಗಾರರು ಬಾಗಿಲಿಗೆ ಬಂದ ದಿನ ಉಳಿಯುವ ಸಂಭವ ಕಡಿಮೆ. ಆದುದರಿಂದ ಕೇಳಬೇಕಾದುದನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳುವುದು ಉಭಯತರಿಗೂ ಶ್ರೇಯಸ್ಕರ.