ಅಗ್ಗದ ಮನೆ: ನದಿಯ ನೀರೂ ಬ್ಯಾಂಕಿನ ಬಡ್ಡಿಯೂ

ಮುಂಬಯಿಯ ಬಾಡಿಗೆಗೆ ಬೇಸತ್ತ ನಮ್ಮ ಬಂಧುಗಳನೇಕರು ಬದಲಾಪುರದ ಕಡೆ ಮನೆ ನೋಡಲು ಹೋಗುತ್ತಿದ್ದಾರೆ. ಊರ ಹೊಲ ಮಾರಿದ ಹಣ, ಮನೆಯಾಕೆಯ ಬಂಗಾರ, ಪ್ರಾವಿಡೆಂಟ್ ಫಂಡು ಎಲ್ಲವೂ ಒಂದೇ ಮನೆಗೆ ಸಲ್ಲುವುದರಿಂದ ಈ ಎರಡು ಮಾತು ಬರೆಯುತ್ತಿದ್ದೇವೆ.

ದಲ್ಲಾಳಿ ಮನೆ ತೋರಿಸುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಆಗ ಉಲ್ಹಾಸ ನದಿ ಬಹು ಸಾಧು. ಕಿಟಕಿಯಿಂದ ಹೊಳೆ ಕಾಣುತ್ತದೆಂದು ಅದಕ್ಕೂ ಬೆಲೆ ಕಟ್ಟುತ್ತಾರೆ! ಆದರೆ ಈ ನದಿ ಸಹ್ಯಾದ್ರಿಯಿಂದ ಇಳಿದು ಬರತಕ್ಕದ್ದು. ಘಟ್ಟದಲ್ಲಿ ಮಳೆ ಹೊಡೆದರೆ ಕೆಳಗಿನ ಊರಿಗೆ ನೀರು ನುಗ್ಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆಯಾದಾಗ ಉಲ್ಹಾಸವೂ ದಡ ಮೀರಿತ್ತು. 2019ರ ಜುಲೈ 27ರಂದು ಬದಲಾಪುರ–ವಾಂಗಣಿ ನಡುವೆ, ಮೀರಜದ ಕಡೆ ಹೋಗುವ ನಮ್ಮವರಿಗೆಲ್ಲ ಪರಿಚಿತವಾದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನಲ್ಲಿ ನಿಂತು, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಪಾರುಮಾಡಬೇಕಾಯಿತು.

ಮಹಾರಾಷ್ಟ್ರದಲ್ಲಿ ನದಿಗಳಿಗೆ ಎರಡು ಪ್ರವಾಹರೇಖೆಗಳುಂಟು. 25 ವರ್ಷಕ್ಕೊಮ್ಮೆ ಬರಬಹುದಾದ ನೆರೆ ಮುಟ್ಟುವ ಮಟ್ಟ ನೀಲಿ ರೇಖೆ. 100 ವರ್ಷಕ್ಕೊಮ್ಮೆ ಬರಬಹುದಾದದ್ದು ಕೆಂಪು ರೇಖೆ. "25 ವರ್ಷಕ್ಕೊಮ್ಮೆ ತಾನೆ" ಎಂದು ಧೈರ್ಯಗೊಳ್ಳಬಾರದು. ಪ್ರತಿ ವರ್ಷವೂ 25ರಲ್ಲಿ ಒಂದು ಪಾಲು ಸಂಭವವೆಂದು ಅದರ ಅರ್ಥ. 20 ವರ್ಷದ ಸಾಲ ತೀರುವುದರೊಳಗೆ ಅಂಥ ನೆರೆ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 55ಕ್ಕಿಂತ ಹೆಚ್ಚು. ಕೆಂಪು ರೇಖೆಯದು ಸಹ ನೂರಕ್ಕೆ 18. ಅರಬ್ಬೀ ಸಮುದ್ರ ಕಾಯುತ್ತಿದ್ದು ಒಮ್ಮೆಲೇ ಸುರಿಯುವ ಮಳೆ ಹೆಚ್ಚಿರುವುದರಿಂದ, ಹಳೆಯ ಲೆಕ್ಕವನ್ನು ಪೂರಾ ನಂಬುವಂತೆಯೂ ಇಲ್ಲ. ಮನೆಯ ಜಾಗ ಯಾವ ರೇಖೆಯೊಳಗಿದೆಯೆಂದು ನಗರ ಪರಿಷತ್ತಿನಲ್ಲಿ ವಿಚಾರಿಸಬೇಕು. ನೆಲಮಹಡಿಯ ಬಾಡಿಗೆದಾರನನ್ನೂ ಕೇಳಿರಿ; ನೀರು ಗೋಡೆಯ ಮೇಲೆ ಎಲ್ಲಿಯವರೆಗೆ ಏರಿತ್ತೆಂದು ಆತ ಕೈಯಿಟ್ಟು ತೋರಿಸುತ್ತಾನೆ.

ಇನ್ನು ಬಡ್ಡಿ. 2020ರಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇಕಡಾ 4ಕ್ಕೆ ಇಳಿಸಿತು. ಸರ್ಕಾರವೂ ಆ ವರ್ಷ ಸೆಪ್ಟೆಂಬರಿನಿಂದ ಮುದ್ರಾಂಕ ಶುಲ್ಕ ಕಡಿಮೆಮಾಡಿತು. ಜನ ಮುಗಿಬಿದ್ದು ಕೊಂಡರು. ಆದರೆ 2022ರ ಮೇ ತಿಂಗಳಿಂದ ಏರತೊಡಗಿದ ದರ 2023ರ ಫೆಬ್ರವರಿಗೆ 6.5 ಮುಟ್ಟಿತು. 2025ರಲ್ಲಿ ಮತ್ತೆ ಇಳಿಯಿತೆನ್ನಿ. ಇಳಿದದ್ದು ಏರದೆಂದು ಹೇಳುವವರಾರು?

20 ಲಕ್ಷ ಸಾಲಕ್ಕೆ 20 ವರ್ಷದ ಅವಧಿಯಲ್ಲಿ ಶೇಕಡಾ 7ರಂತೆ ತಿಂಗಳ ಕಂತು 15,506 ರೂಪಾಯಿ. ಶೇಕಡಾ 9ಕ್ಕೆ 17,995. ಬಡ್ಡಿ ಏರಿದಾಗ ಬ್ಯಾಂಕು ಅನೇಕ ವೇಳೆ ಕಂತನ್ನು ಹಾಗೆಯೇ ಬಿಟ್ಟು ಅವಧಿಯನ್ನು ಬೆಳೆಸುತ್ತದೆ. ಮೊದಲಿಂದಲೇ ಶೇಕಡಾ 9ರಂತೆ 15,506 ಮಾತ್ರ ಕಟ್ಟುತ್ತ ಹೋದರೆ ಸಾಲ ತೀರಲು 38 ವರ್ಷ ಬೇಕು! ಆದುದರಿಂದ ಇಂದಿನ ದರಕ್ಕೆ ಎರಡು ಸೇರಿಸಿ ಬರುವ ಕಂತನ್ನು ಸಂಬಳ ತಡೆಯುವುದೇ ಎಂದು ನೋಡಿಕೊಂಡೇ ರುಜು ಹಾಕಬೇಕು.

ಮಳೆಗಾಲಕ್ಕೆ ಮುಂಚೆ ಮುಂಗಡ ಕೊಟ್ಟರೆ ರಿಯಾಯಿತಿ ಎಂದು ಅವಸರಪಡಿಸುವವನಿಗೆ ಜುಲೈ ಕಳೆಯಲಿ ಎನ್ನಿರಿ. ಬ್ಯಾಂಕಿನ ಕಾಗದ ತೊಡಕೆನಿಸಿದವರು ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ತಂದರೆ ಕೂಡಿ ಓದಿ ಲೆಕ್ಕ ಹಾಕೋಣ.